ದೂರದ ಕೋಟೆಯಿಂದ ಮನೆಯ ಹೊಸ್ತಿಲಿಗೆ: ನೋಡಲೇಬೇಕಾದ ಭಯಾನಕ ಚಿತ್ರಗಳು

1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹವನ್ನು ಕಂಡವರು ಇಂದಿಗೂ ಇದ್ದಾರೆ. ರಾತ್ರಿಯ ಹೊತ್ತು ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವವು ಆ ಬರಹವನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದಕ್ಕೆ ಅದೇ ಉತ್ತರ ದೊರೆಯುತ್ತದೆ ಎಂಬುದು ಅಂದಿನ ನಂಬಿಕೆ. ಆ ನಂಬಿಕೆಯೇ 2018ರಲ್ಲಿ ಅಮರ್ ಕೌಶಿಕ್ ನಿರ್ದೇಶಿಸಿದ ಹಿಂದಿ ಚಿತ್ರ ‘ಸ್ತ್ರೀ’ಗೆ ಮೂಲದ್ರವ್ಯವಾಯಿತು.

ಈ ವದಂತಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೆವ್ವ ಇರುವುದು ಊರಾಚೆಯ ಸ್ಮಶಾನದಲ್ಲಲ್ಲ, ಹಾಳು ಬಂಗಲೆಯಲ್ಲೂ ಅಲ್ಲ. ಅದು ನಮ್ಮದೇ ಹೊಸ್ತಿಲಲ್ಲಿ ನಿಂತು ನಮ್ಮವರದೇ ದನಿಯಲ್ಲಿ ಮಾತನಾಡುತ್ತದೆ. ಜಗತ್ತಿನ ಭಯಾನಕ ಚಿತ್ರಗಳು ನೂರು ವರ್ಷಗಳಲ್ಲಿ ಕ್ರಮಿಸಿದ ಹಾದಿಯೂ ಇದೇ. ಭಯದ ವಿಳಾಸವು ದಶಕದಿಂದ ದಶಕಕ್ಕೆ ಪ್ರೇಕ್ಷಕನಿಗೆ ಹತ್ತಿರವಾಗುತ್ತಾ ಬಂದಿದೆ. ಪ್ರತಿ ಕಾಲದ ಜನರು ನಿಜವಾಗಿ ಯಾವುದಕ್ಕೆ ಹೆದರಿದ್ದರು ಎಂಬುದನ್ನು ಈ ಚಿತ್ರಗಳು ದಾಖಲಿಸಿವೆ. ‘ದೆವ್ವದ ಸಿನಿಮಾ’ ಎಂದು ಬದಿಗೆ ಸರಿಸಿದರೆ ನಾವು ಕಳೆದುಕೊಳ್ಳುವುದು ಈ ದಾಖಲೆಯನ್ನೇ. ಆ ದೃಷ್ಟಿಯಿಂದ ನೋಡಲೇಬೇಕಾದ ಕೆಲವು ಚಿತ್ರಗಳ ಪರಿಚಯ ಇಲ್ಲಿದೆ. ಅವುಗಳ ಅಂತ್ಯವನ್ನು ಇಲ್ಲಿ ಬಯಲು ಮಾಡಿಲ್ಲ.

ಎರಡು ರಸಗಳು, ಹಲವು ಬಗೆಗಳು

ಭರತನ ನಾಟ್ಯಶಾಸ್ತ್ರವು ಭಯಾನಕ ಮತ್ತು ಬೀಭತ್ಸವನ್ನು ಪ್ರತ್ಯೇಕ ರಸಗಳೆಂದು ಗುರುತಿಸುತ್ತದೆ. ಭಯಾನಕದ ಸ್ಥಾಯಿಭಾವ ಭಯ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಇಂದಿನ ಹಾರರ್ ಚಿತ್ರಗಳನ್ನು ಅರಿಯಲು ಈ ವಿಂಗಡಣೆ ಈಗಲೂ ಉಪಯುಕ್ತ. ಕತ್ತಲೆ, ಸದ್ದು ಮತ್ತು ನಿರೀಕ್ಷೆಗಳಿಂದ ಹೆದರಿಸುವ ಪ್ರೇತಚಿತ್ರಗಳು ಭಯಾನಕಕ್ಕೆ ಸೇರಿದರೆ, ರಕ್ತ ಮತ್ತು ವಿರೂಪಗೊಂಡ ದೇಹವನ್ನು ತೋರಿಸುವ ಚಿತ್ರಗಳು ಬೀಭತ್ಸದ ಕಡೆಗೆ ವಾಲುತ್ತವೆ. ರಕ್ತಪಿಪಾಸು, ಸರಣಿ ಹಂತಕ, ದೆವ್ವ ಮೆಟ್ಟಿದವರು, ಜೀವಂತ ಶವ, ಮನೋವೈಜ್ಞಾನಿಕ, ಸಿಕ್ಕ ವಿಡಿಯೊ ತುಣುಕಿನ ಶೈಲಿ ಮುಂತಾದ ಒಳಬಗೆಗಳೆಲ್ಲ ಈ ಎರಡರ ನಡುವೆ ಹಂಚಿಹೋಗಿವೆ.

1920ರಿಂದ 1940: ದೂರದ ದೇಶದ ದೊರೆ

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಈ ಪ್ರಕಾರ ಗಟ್ಟಿಯಾಗಿ ಬೇರೂರಿತು. ರಾಬರ್ಟ್ ವೀನ ನಿರ್ದೇಶನದ ‘ದ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ (1920) ಚಿತ್ರದಲ್ಲಿ ಗೋಡೆ, ಕಿಟಕಿ, ಬೀದಿಗಳೆಲ್ಲ ಓರೆಕೋರೆ. ನೆರಳುಗಳನ್ನೂ ಬಣ್ಣದಲ್ಲೇ ಬಿಡಿಸಲಾಗಿತ್ತು. ಮನಸ್ಸು ಕೆಟ್ಟಾಗ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಸಿನಿಮಾ ಚಿತ್ರಿಸಬಲ್ಲದು ಎಂದು ಅದು ಸಾಧಿಸಿ ತೋರಿಸಿತು.

ಎಫ್. ಡಬ್ಲ್ಯು. ಮುರ್ನೌ ಅವರ ‘ನೊಸ್ಫೆರಾಟು’ (1922) ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿ ‘ಡ್ರಾಕುಲಾ’ವನ್ನು ಅನುಮತಿಯಿಲ್ಲದೆ ಬಳಸಿಕೊಂಡಿತ್ತು. ಸ್ಟೋಕರ್‌ನ ಪತ್ನಿ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರತಿಗಳನ್ನು ನಾಶಪಡಿಸುವಂತೆ ಆದೇಶವಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. ಇದರಲ್ಲಿ ರಕ್ತಪಿಪಾಸು ದೊರೆಯೊಂದಿಗೆ ಹಡಗಿನಲ್ಲಿ ಇಲಿಗಳೂ ಪ್ಲೇಗೂ ಬಂದಿಳಿಯುತ್ತವೆ. ಯುದ್ಧವನ್ನೂ 1918ರ ಇನ್‌ಫ್ಲುಯೆಂಜಾವನ್ನೂ ಕಂಡಿದ್ದ ಪ್ರೇಕ್ಷಕರಿಗೆ ಅದು ಬರಿಯ ಕಟ್ಟುಕಥೆಯಾಗಿ ಕಂಡಿರಲಾರದು. ಕೊರೊನಾ ಕಂಡ ನಮಗೂ ಆ ಹಡಗಿನ ದೃಶ್ಯ ಹಳತೆನಿಸುವುದಿಲ್ಲ.

1931ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸಂಸ್ಥೆಯು ಬೇಲಾ ಲುಗೋಸಿ ಅಭಿನಯದ ‘ಡ್ರಾಕುಲಾ’ ಹಾಗೂ ಬೋರಿಸ್ ಕಾರ್ಲಾಫ್ ಅಭಿನಯದ ‘ಫ್ರಾಂಕೆನ್‌ಸ್ಟೈನ್’ ಚಿತ್ರಗಳನ್ನು ತೆರೆಗೆ ತಂದಿತು. ಎರಡನೆಯದರಲ್ಲಿ ವಿಕಾರಜೀವಿಯೇ ನಮ್ಮ ಕರುಣೆಗೆ ಪಾತ್ರವಾಗುವುದು ವಿಶೇಷ. ಮುಂದೆ ‘ಕ್ಯಾಟ್ ಪೀಪಲ್’ (1942) ಕಡಿಮೆ ವೆಚ್ಚದಲ್ಲಿ ಇನ್ನೊಂದು ಪಾಠ ಕಲಿಸಿತು. ನಿರ್ಜನ ರಸ್ತೆಯಲ್ಲಿ ಹೆಂಗಸೊಬ್ಬಳು ನಡೆಯುತ್ತಿದ್ದಾಳೆ. ಯಾವುದೋ ಮೃಗ ಹಿಂಬಾಲಿಸುತ್ತಿದೆ ಎಂಬ ಅನುಮಾನ. ಥಟ್ಟನೆ ಎರಗುವ ಸದ್ದು ಬಸ್ಸಿನದು. ಮೃಗ ಕಾಣಿಸುವುದೇ ಇಲ್ಲ, ಭಯ ಮಾತ್ರ ಉಳಿಯುತ್ತದೆ.

1960ರ ದಶಕ: ಹೆದ್ದಾರಿ ಬದಿಯ ವಸತಿಗೃಹ

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೊ’ (1960) ಭಯವನ್ನು ಕೋಟೆಯಿಂದ ಕಿತ್ತು ತಂದು ಹೆದ್ದಾರಿ ಬದಿಯ ವಸತಿಗೃಹದಲ್ಲಿಟ್ಟಿತು. ಇಲ್ಲಿ ಕೋರೆಹಲ್ಲಿನ ದೊರೆ ಇಲ್ಲ. ನಾಚಿಕೆ ಸ್ವಭಾವದ, ವಿನಯದಿಂದ ಮಾತನಾಡುವ ಯುವಕನಿದ್ದಾನೆ. ಸ್ನಾನಗೃಹದ ಕೊಲೆಯ ದೃಶ್ಯವು ತೆರೆಯ ಮೇಲೆ ಒಂದು ನಿಮಿಷವೂ ಇಲ್ಲದಿದ್ದರೂ ಅದರ ಚಿತ್ರೀಕರಣಕ್ಕೆ ಸುಮಾರು ಒಂದು ವಾರ ಹಿಡಿಯಿತು. ಕಪ್ಪುಬಿಳುಪು ಚಿತ್ರವಾದ್ದರಿಂದ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಪಾಕ. ಚೂರಿಗಿಂತ ಹರಿತವಾಗಿ ಇರಿಯುವುದು ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಸಂಗೀತ. ಚಿತ್ರ ಆರಂಭವಾದ ನಂತರ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಷರತ್ತು ವಿಧಿಸಿದ್ದರು.

ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಇಂದಿನ ಜೀವಂತ ಶವಗಳ ಚಿತ್ರಗಳಿಗೆಲ್ಲ ಮೂಲಪುರುಷ. ಆದರೆ ಅದರಲ್ಲಿ ‘ಜೋಂಬಿ’ ಎಂಬ ಪದವೇ ಬರುವುದಿಲ್ಲ. ಸಾವಿನಿಂದ ಎದ್ದವರು ಹೊರಗೆ ಮುತ್ತಿಗೆ ಹಾಕಿದ್ದಾಗ ಮನೆಯೊಳಗಿನ ಜೀವಂತರು ತಮ್ಮಲ್ಲೇ ಕಾದಾಡುತ್ತಾರೆ. ನಾಯಕನ ಪಾತ್ರದಲ್ಲಿ ಕಪ್ಪುವರ್ಣೀಯ ನಟ ಡುವೇನ್ ಜೋನ್ಸ್ ಇದ್ದುದು ಅಂದಿನ ಮಟ್ಟಿಗೆ ಅಪರೂಪ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ ತೆರೆಕಂಡ ಈ ಚಿತ್ರದ ಕೊನೆಯ ನಿಮಿಷಗಳು ಅಮೆರಿಕದ ಪ್ರೇಕ್ಷಕರನ್ನು ದೆವ್ವಗಳಿಗಿಂತ ಹೆಚ್ಚಾಗಿ ಕಾಡಿದವು. ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದ ಕಾರಣ ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಯಿತು.

ಇದೇ ದಶಕದಲ್ಲಿ ಜಪಾನಿನ ಮಸಾಕಿ ಕೊಬಯಾಶಿ ಅವರ ‘ಕ್ವೈದಾನ್’ (1964) ನಾಲ್ಕು ಜನಪದ ಪ್ರೇತಕಥೆಗಳನ್ನು ಬಣ್ಣದ ಚಿತ್ರಪಟದಂತೆ ತೆರೆಗೆ ತಂದು, ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಗಳಿಸಿತು. ಅವಸರವಿಲ್ಲದೆ ನೋಡಬೇಕಾದ ಚಿತ್ರವಿದು.

1970–80: ಮಗುವಿನ ಕೋಣೆ, ನೆಮ್ಮದಿಯ ಬಡಾವಣೆ

ವಿಲಿಯಂ ಫ್ರೀಡ್‌ಕಿನ್ ನಿರ್ದೇಶನದ ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದಲ್ಲಿ ದೆವ್ವವು ಹನ್ನೆರಡರ ಬಾಲಕಿಯನ್ನೇ ಮೆಟ್ಟುತ್ತದೆ. ಪಾದ್ರಿಗಳ ಉಸಿರು ಹಬೆಯಾಗಿ ಕಾಣಬೇಕೆಂದು ಮಲಗುವ ಕೋಣೆಯ ಸೆಟ್ಟನ್ನೇ ಹಿಮದಷ್ಟು ತಂಪುಗೊಳಿಸಲಾಗಿತ್ತು. ಅತ್ಯುತ್ತಮ ಚಿತ್ರ ವಿಭಾಗದಲ್ಲಿ ಆಸ್ಕರ್‌ಗೆ ನಾಮಕರಣಗೊಂಡ ಮೊದಲ ಹಾರರ್ ಚಿತ್ರವಿದು. ಆದರೆ ಇದರ ಅತ್ಯಂತ ಕಠೋರ ದೃಶ್ಯಗಳಿರುವುದು ಆಸ್ಪತ್ರೆಯಲ್ಲಿ. ಮಗಳಿಗೆ ಏನಾಗಿದೆ ಎಂದು ಯಾವ ವೈದ್ಯನೂ ಹೇಳಲಾಗದ ಸ್ಥಿತಿಯಲ್ಲಿ ತಾಯಿ ಪಡುವ ಪಾಡು ದೆವ್ವವನ್ನು ನಂಬದವರನ್ನೂ ತಟ್ಟುತ್ತದೆ.

ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ (1975) ಚಿತ್ರದ ಯಾಂತ್ರಿಕ ಶಾರ್ಕ್ ಸಮುದ್ರದಲ್ಲಿ ಮತ್ತೆ ಮತ್ತೆ ಕೆಟ್ಟು ನಿಂತಿತು. ಶಾರ್ಕನ್ನು ತೋರಿಸದೆ ಸೂಚಿಸುವುದು ಅನಿವಾರ್ಯವಾಯಿತು. ಆ ಅನಿವಾರ್ಯತೆಯೇ ಚಿತ್ರದ ಬಲವಾಯಿತು. ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಸುಮಾರು ಮೂರು ಲಕ್ಷ ಡಾಲರ್‌ಗಳಲ್ಲಿ ಸಿದ್ಧವಾಯಿತು. ಸಂಗೀತವನ್ನೂ ನಿರ್ದೇಶಕರೇ ಹೊಂದಿಸಿದರು. ಹಾಡುಹಗಲೇ ಮಧ್ಯಮವರ್ಗದ ಬಡಾವಣೆಯ ಬೇಲಿಯ ಬಳಿ ಮುಖವಾಡ ತೊಟ್ಟು ಸುಮ್ಮನೆ ನಿಂತ ಹಂತಕನೇ ಇಲ್ಲಿನ ಭೀತಿ. ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ (1979) ಅದೇ ಭೀತಿಯನ್ನು ಅಂತರಿಕ್ಷ ನೌಕೆಯ ಇಕ್ಕಟ್ಟಿಗೆ ಒಯ್ಯಿತು.

ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ‘ದ ಶೈನಿಂಗ್’ (1980) ನೋಡುವವರು ದೆವ್ವಗಳನ್ನು ಮರೆತು ತಂದೆಯ ಪಾತ್ರವನ್ನು ಗಮನಿಸಬೇಕು. ಹಿಮ ಮುಚ್ಚಿದ ಹೋಟೆಲಿನಲ್ಲಿ ಹೆಂಡತಿ ಮತ್ತು ಮಗುವಿಗೆ ಅಪಾಯ ಒದಗುವುದು ಮನೆಯ ಯಜಮಾನನಿಂದಲೇ. ಡೇವಿಡ್ ಕ್ರೊನೆನ್‌ಬರ್ಗ್ ಅವರ ‘ದ ಫ್ಲೈ’ (1986) ಬೀಭತ್ಸ ರಸದ ಉತ್ತಮ ಮಾದರಿ. ದೇಹ ಕ್ರಮೇಣ ಕೈಕೊಡುವುದನ್ನು ಪ್ರೀತಿಸುವವರು ಅಸಹಾಯಕರಾಗಿ ನೋಡುತ್ತಿರಬೇಕಾದ ಸಂಕಟ ಅದರಲ್ಲಿದೆ.

1990ರ ನಂತರ: ದೂರದರ್ಶನದ ಪರದೆಯಿಂದ ಮನದಾಳಕ್ಕೆ

ಹಿದೆಯೊ ನಕಾತಾ ಅವರ ಜಪಾನಿ ಚಿತ್ರ ‘ರಿಂಗು’ (1998) ಪ್ರೇತವನ್ನು ವಿಡಿಯೊ ಕ್ಯಾಸೆಟ್‌ನೊಳಗೆ ಕೂರಿಸಿತು. ನೋಡಿದವರಿಗೆ ಏಳೇ ದಿನ ಆಯುಸ್ಸು. ಮರುವರ್ಷ ಬಂದ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಕಾಡಿನಲ್ಲಿ ಕಾಣೆಯಾದ ವಿದ್ಯಾರ್ಥಿಗಳ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪ ಹೂಡಿ, ಅಂತರ್ಜಾಲದ ಮೂಲಕ ಪ್ರಚಾರ ಪಡೆದು, ಜಗತ್ತಿನಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಸಿತು. ಇದರಲ್ಲಿ ಮಾಟಗಾತಿ ಒಮ್ಮೆಯೂ ಕಾಣಿಸುವುದಿಲ್ಲ.

ಹೊಸ ಶತಮಾನದ ಉತ್ತಮ ಚಿತ್ರಗಳಲ್ಲಿ ಭಯವು ಮನೆಯನ್ನೂ ದಾಟಿ ಮನಸ್ಸಿನೊಳಗೆ ಇಳಿದಿದೆ. ಜೆನಿಫರ್ ಕೆಂಟ್ ಅವರ ಆಸ್ಟ್ರೇಲಿಯಾದ ಚಿತ್ರ ‘ದ ಬಾಬಾಡೂಕ್’ (2014) ಗಂಡನನ್ನು ಕಳೆದುಕೊಂಡ ತಾಯಿಯ ಶೋಕಕ್ಕೆ ರೂಪ ಕೊಡುತ್ತದೆ. ಬಾಬಕ್ ಅನ್ವರಿ ಅವರ ಪರ್ಷಿಯನ್ ಭಾಷೆಯ ‘ಅಂಡರ್ ದ ಶ್ಯಾಡೋ’ (2016) ಹೆಚ್ಚು ಚರ್ಚೆಯಾಗಬೇಕಾದ ಚಿತ್ರ. 1980ರ ದಶಕದ ಟೆಹ್ರಾನ್. ಇರಾಕಿನ ಕ್ಷಿಪಣಿಗಳು ಬೀಳುತ್ತಿವೆ. ರಾಜಕೀಯ ಕಾರಣಕ್ಕೆ ವೈದ್ಯಕೀಯ ಶಿಕ್ಷಣದಿಂದ ಹೊರಗುಳಿದ ತಾಯಿಯೊಬ್ಬಳು ಮಗಳೊಂದಿಗೆ ಒಂಟಿಯಾಗಿದ್ದಾಳೆ. ಜಿನ್ನಿಗೆ ಹೆದರಿ ತಲೆವಸ್ತ್ರವಿಲ್ಲದೆ ಬೀದಿಗೆ ಓಡಿದವಳನ್ನು ಹಿಡಿಯುವುದು ಜಿನ್ನಲ್ಲ, ಕಾವಲುಪಡೆ. ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017) ನಗುಮೊಗದ ಸುಶಿಕ್ಷಿತರಲ್ಲಿ ಅಡಗಿರುವ ವರ್ಣಭೇದವನ್ನು ತೆರೆದಿಟ್ಟು ಮೂಲ ಚಿತ್ರಕಥೆಗಾಗಿ ಆಸ್ಕರ್ ಪಡೆಯಿತು. ಕೊರಿಯಾದ ‘ಟ್ರೈನ್ ಟು ಬುಸಾನ್’ (2016) ರೈಲಿನ ಬೋಗಿಗಳಲ್ಲಿ ಸ್ವಾರ್ಥವನ್ನೂ ತ್ಯಾಗವನ್ನೂ ಮುಖಾಮುಖಿಯಾಗಿಸುತ್ತದೆ.

ನಮ್ಮ ನಾಡಿನ ಭಯ

ಕಮಾಲ್ ಅಮ್ರೋಹಿ ಅವರ ‘ಮಹಲ್’ (1949) ಹಿಂದಿಯಲ್ಲಿ ಹಳೆಯ ಬಂಗಲೆಯ ರಹಸ್ಯಕ್ಕೆ ನಾಂದಿ ಹಾಡಿತು. ವೈಕಂ ಮುಹಮ್ಮದ್ ಬಷೀರರ ಚಿತ್ರಕಥೆಯಿರುವ ಮಲಯಾಳದ ‘ಭಾರ್ಗವಿ ನಿಲಯಂ’ (1964) ಪ್ರೇತವನ್ನು ಹೆದರಿಸಿ ಓಡಿಸುವ ಬದಲು ಅದರ ಕಥೆಯನ್ನು ಕೇಳಿಸಿಕೊಂಡಿತು. ಕನ್ನಡದಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಒಂದು ಪೀಳಿಗೆಯ ನಿದ್ದೆಗೆಡಿಸಿದ ಚಿತ್ರ. ಉಪೇಂದ್ರ ನಿರ್ದೇಶನದ ‘ಶ್!’ (1993) ಚಲನಚಿತ್ರ ಚಿತ್ರೀಕರಣದ ತಾಣವನ್ನೇ ಭಯದ ತಾಣವಾಗಿಸಿತು.

ಫಾಜಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಕೇಳಿದ ಪ್ರಶ್ನೆ ದಕ್ಷಿಣ ಭಾರತದ ಮನೆಮನೆಯದು: ಹೆಣ್ಣುಮಗಳು ಬದಲಾದಂತೆ ವರ್ತಿಸಿದರೆ ಕರೆಯಬೇಕಾದದ್ದು ಮಂತ್ರವಾದಿಯನ್ನೋ, ಮನೋವೈದ್ಯನನ್ನೋ? ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಇದೇ ಕಥೆಯನ್ನು ಕನ್ನಡಕ್ಕೆ ತಂದಿತು. ವಿಷ್ಣುವರ್ಧನ್ ಇದರಲ್ಲಿ ಮನೋವೈದ್ಯ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ನಿಧನರಾದ ಸೌಂದರ್ಯ ಅವರ ಅಭಿನಯವನ್ನು ಪ್ರೇಕ್ಷಕರು ಅವರ ಮರಣಾನಂತರ ಈ ಚಿತ್ರದಲ್ಲಿ ಕಂಡರು. ಮಂತ್ರವಾದಿಯ ಬಳಿಗೇ ಮೊದಲು ಓಡುವ ಸಮಾಜದಲ್ಲಿ ವೈದ್ಯನನ್ನು ನಾಯಕನಾಗಿಸಿದ್ದು ಸಣ್ಣ ಮಾತಲ್ಲ.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಭಯದ ವಿಳಾಸವನ್ನು ಬೆಂಗಳೂರಿನ ಮೇಲ್ಸೇತುವೆಯೊಂದಕ್ಕೆ ತಂದಿತು. ಅವಸರಕ್ಕೆಂದು ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ ಬೈಕ್ ತಿರುಗಿಸಿಕೊಳ್ಳುವುದು ನಾವು ದಿನವೂ ಕಾಣುವ ಸಣ್ಣ ತಪ್ಪು. ಸರಿಸಿದ ಆ ಕಲ್ಲು ಇನ್ನೊಬ್ಬರಿಗೆ ಏನು ಮಾಡಬಹುದು ಎಂಬುದೇ ಕಥೆಯ ತಿರುಳು. ರಾಹಿ ಅನಿಲ್ ಬರ್ವೆ ಅವರ ‘ತುಂಬಾಡ್’ (2018) ದುರಾಸೆಯನ್ನೂ, ರಾಹುಲ್ ಸದಾಶಿವನ್ ಅವರ ಕಪ್ಪುಬಿಳುಪು ಚಿತ್ರ ‘ಭ್ರಮಯುಗಂ’ (2024) ಅಧಿಕಾರದ ಮದವನ್ನೂ ಪಿಶಾಚಿಯಾಗಿ ಕಂಡಿವೆ.

ಎಲ್ಲಿಂದ ಆರಂಭಿಸಬೇಕು?

ಹಾರರ್ ಚಿತ್ರಗಳೆಂದರೆ ದೂರ ಸರಿಯುವವರು ‘ಆಪ್ತಮಿತ್ರ’, ‘ಯೂ ಟರ್ನ್’, ‘ಸೈಕೊ’ ಈ ಕ್ರಮದಲ್ಲಿ ಆರಂಭಿಸಬಹುದು. ರಕ್ತಪಾತ ಒಲ್ಲದವರಿಗೆ ‘ಕ್ಯಾಟ್ ಪೀಪಲ್’, ‘ರಿಂಗು’ ಮತ್ತು ‘ಅಂಡರ್ ದ ಶ್ಯಾಡೋ’ ಸೂಕ್ತ. ‘ದಿ ಎಕ್ಸಾರ್ಸಿಸ್ಟ್’ ಮತ್ತು ‘ದ ಫ್ಲೈ’ ಗಟ್ಟಿ ಮನಸ್ಸಿನವರಿಗೆ ಮಾತ್ರ. ಮನೆಯಲ್ಲಿ ಮಕ್ಕಳಿದ್ದರೆ ಪ್ರಮಾಣಪತ್ರವನ್ನು ಗಮನಿಸುವುದು ಒಳಿತು; ಭಾರತದಲ್ಲಿ 2024ರ ನಿಯಮಗಳ ಪ್ರಕಾರ ಯು/ಎ ದರ್ಜೆಯನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ಮೂರಾಗಿ ವಿಂಗಡಿಸಲಾಗಿದೆ.

ಒಳ್ಳೆಯ ಭಯಾನಕ ಚಿತ್ರವನ್ನು ಗುರುತಿಸಲು ಸರಳ ಉಪಾಯವೊಂದಿದೆ. ಕಥೆಯಿಂದ ದೆವ್ವವನ್ನು ತೆಗೆದುಹಾಕಿ ನೋಡಬೇಕು. ಆಗಲೂ ಹೆದರಿಕೆ ಉಳಿದರೆ, ಅಂದರೆ ಸಾಂಕ್ರಾಮಿಕ, ಯುದ್ಧ, ತಂದೆಯ ಕೋಪ, ಮಗುವಿನ ಕಾಯಿಲೆ ಅಥವಾ ರಸ್ತೆಯ ನಡುವೆ ಯಾರೋ ಸರಿಸಿಟ್ಟ ಕಲ್ಲು ಉಳಿದರೆ, ಆ ಚಿತ್ರ ಬಾಳುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಕಳುಹಿಸಬಹುದು. ಇಂತಹ ಭಯಗಳು ಮಾತ್ರ ಬರಹ ಓದಿ ಹಿಂದಿರುಗುವಂಥವಲ್ಲ.