ಮಲ್ಲಿಯೋ, ಮಲ್ಲಿನಾಥನೋ?

ಕಾಶಿಗೆ ಹೋದ ನಾವು ಕನ್ನಡಿಗರು ಗಂಗೆ, ವಿಶ್ವನಾಥ, ಜಂಗಮವಾಡಿ ಮಠ ಮುಗಿಸಿ ರೈಲು ಹತ್ತಿಬಿಡುತ್ತೇವೆ. ಭೇಲೂಪುರದ ಕಡೆ ಹೊರಳುವವರು ಕಡಿಮೆ. 23ನೆಯ ತೀರ್ಥಂಕರ ಪಾರ್ಶ್ವನಾಥ ಹುಟ್ಟಿದ್ದು ಅಲ್ಲೇ ಎಂದು ದಿಗಂಬರರೂ ಶ್ವೇತಾಂಬರರೂ ನಂಬುತ್ತಾರೆ. ಅಲ್ಲಿನ ಬಸದಿಯಲ್ಲಿ ಕೂತಾಗ ನನಗೆ ನೆನಪಾದದ್ದು ಮಾತ್ರ ಇವರಿಬ್ಬರೂ ಒಪ್ಪಲಾಗದ 19ನೆಯ ತೀರ್ಥಂಕರ. ದಿಗಂಬರರಿಗೆ ಅವನು ಮಲ್ಲಿನಾಥ; ಶ್ವೇತಾಂಬರರಿಗೆ ಅವಳು ಮಲ್ಲಿ, ಮಿಥಿಲೆಯ ರಾಜಕುಮಾರಿ.

ಗ್ರೀಕರ ಹರ್ಮಾಫ್ರೊಡೈಟಸ್‌ನಲ್ಲಿ ಗಂಡು ಹೆಣ್ಣು ಒಂದೇ ಮೈಯಲ್ಲಿ ಬೆಸೆದುಹೋಗಿವೆ. ಬಾದಾಮಿಯ ಅರ್ಧನಾರೀಶ್ವರನಲ್ಲಿ ನಡುವೆ ಗೆರೆ ಎಳೆದಂತೆ ಪಾಲಾಗಿವೆ. ಮಲ್ಲಿಯ ವಿಷಯದಲ್ಲಿ ಪಾಲಾದದ್ದು ಭಕ್ತರು.

ಶ್ವೇತಾಂಬರರ ಕಥೆ ಹೀಗೆ. ಹಿಂದಿನ ಜನ್ಮದಲ್ಲಿ ಮಹಾಬಲನೆಂಬ ರಾಜ ಆರು ಗೆಳೆಯರೊಡನೆ ಸಮನಾಗಿ ತಪಸ್ಸು ಮಾಡುವ ಮಾತು ಕೊಟ್ಟು, ನೆಪ ಹೇಳಿ ಗುಟ್ಟಾಗಿ ಹೆಚ್ಚು ಉಪವಾಸ ಮಾಡಿದ. ತಪಸ್ಸಿಗೆ ತೀರ್ಥಂಕರ ಪದವಿ, ಮೋಸಕ್ಕೆ ಹೆಣ್ಣುಜನ್ಮ! ಆ ಗೆಳೆಯರೇ ಆರು ರಾಜರಾಗಿ ಅವಳನ್ನು ಬಯಸಿ ದಂಡೆತ್ತಿ ಬಂದರು. ಮಲ್ಲಿ ತನ್ನದೇ ಟೊಳ್ಳು ಪ್ರತಿಮೆ ಮಾಡಿಸಿ, ದಿನಾ ಅದರ ನೆತ್ತಿಯಿಂದ ತುತ್ತು ಅನ್ನ ಹಾಕಿಸಿದ್ದಳು. ಮುಚ್ಚಳ ತೆಗೆದಾಗ ರಾಜರು ಮೂಗು ಮುಚ್ಚಿಕೊಂಡರು, ಆಮೇಲೆ ವೈರಾಗ್ಯ ಹೊಂದಿದರು. ಅವಳನ್ನು ಒಪ್ಪಿಕೊಂಡವರೂ ಸ್ತ್ರೀ ತೀರ್ಥಂಕರಳನ್ನು ಹತ್ತು 'ಆಶ್ಚರ್ಯ'ಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅವರ ಬಸದಿಗಳಲ್ಲೂ ಮಲ್ಲಿಯ ವಿಗ್ರಹ ಸಾಮಾನ್ಯವಾಗಿ ಉಳಿದ ತೀರ್ಥಂಕರರಂತೆಯೇ. ಗುರುತಿಗೆ ಪೀಠದ ಕಲಶ ನೋಡಬೇಕು.

ಈ ಜಗಳದಲ್ಲಿ ನಮ್ಮ ನಾಡಿಗೆ ದೊಡ್ಡ ಪಾತ್ರವಿದೆ. ನಮ್ಮಲ್ಲಿ ಯಾಪನೀಯರೆಂಬ ಮೂರನೆಯ ಸಂಘವಿತ್ತು. ಕದಂಬ ಮೃಗೇಶವರ್ಮನ ಹಲಸಿ ತಾಮ್ರಪಟದಲ್ಲಿ ಅವರಿಗೆ ದಾನ ಸಂದಿದೆ. ದಿಗಂಬರರಂತೆ ಬೆತ್ತಲೆ ಇದ್ದವರು, ಆದರೆ ಹೆಣ್ಣಿಗೆ ಮೋಕ್ಷ ಉಂಟು ಎಂದವರು. ನೃಪತುಂಗನ ಕಾಲದ ಶಾಕಟಾಯನ ಇದಕ್ಕೆಂದೇ 'ಸ್ತ್ರೀನಿರ್ವಾಣ ಪ್ರಕರಣ' ಬರೆದ. ಹೆಣ್ಣು ಏಳನೆಯ ನರಕಕ್ಕೆ ಹೋಗಲಾರಳು, ಹಾಗಾಗಿ ಮೋಕ್ಷಕ್ಕೂ ಹೋಗಲಾರಳು ಎಂಬುದು ಎದುರಾಳಿಗಳ ವಾದ. ನರಕಕ್ಕೂ ಮೋಕ್ಷಕ್ಕೂ ಅಂಥ ವ್ಯಾಪ್ತಿಯೇ ಇಲ್ಲ ಎಂದು ಅವನ ಉತ್ತರ. ಅದೇ ಜನ್ಮದಲ್ಲಿ ಮುಕ್ತಿ ಪಡೆಯುವ ಗಂಡಸೂ ನರಕಕ್ಕೆ ಹೋಗುವುದಿಲ್ಲವಲ್ಲ! ತರ್ಕವೆಂದರೆ ಇದು.

ದಿಗಂಬರರ ಉತ್ತರ ಇನ್ನೂ ಸೋಜಿಗದ್ದು. ಷಟ್ಖಂಡಾಗಮದಲ್ಲಿ ಹೆಣ್ಣಿಗೆ ಹದಿನಾಲ್ಕೂ ಗುಣಸ್ಥಾನ ಹೇಳಿದೆಯೆಂದಾಗ, 816ರಲ್ಲಿ ಮುಗಿದ ಧವಲಾ ಟೀಕೆಯಲ್ಲಿ ವೀರಸೇನ ಅದು 'ಭಾವಸ್ತ್ರೀ'ಗೆ ಎಂದು ಬಿಡಿಸಿದ: ಮೈ ಗಂಡಸಿನದು, ಒಳಗಿನ ಕಾಮನೆ ಹೆಂಗಸಿನದು. ಹೆಣ್ಣನ್ನು ಹೊರಗಿಡಲು ಹೋಗಿ ಗಂಡಿನೊಳಗಿನ ಹೆಣ್ಣನ್ನು ಒಪ್ಪಬೇಕಾಯಿತು. ಆ ಧವಲಾದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ಮೂಡಬಿದಿರೆಯಲ್ಲಿ.

ಕನ್ನಡದಲ್ಲಿ ನಾಗಚಂದ್ರ 'ಮಲ್ಲಿನಾಥ ಪುರಾಣ' ಬರೆಯುವ ಹೊತ್ತಿಗೆ ಅನುಮಾನ ಉಳಿದಿರಲಿಲ್ಲ, ನಾಯಕ ಗಂಡಸೇ. ಯಾಪನೀಯರೂ ಮೆಲ್ಲಗೆ ದಿಗಂಬರರಲ್ಲಿ ಕರಗಿಹೋದರು. ಲಖನೌ ಮ್ಯೂಸಿಯಮ್ಮಿನಲ್ಲಿ ಉನ್ನಾವ್ ಕಡೆಯ ಒಂದು ಕಲ್ಲಿನ ವಿಗ್ರಹವಿದೆ. ಪದ್ಮಾಸನ, ಬೆತ್ತಲೆ, ಎದೆ ಹೆಣ್ಣಿನದು, ಬೆನ್ನ ಮೇಲೆ ಜಡೆ. ವಿದ್ವಾಂಸರು ಅದನ್ನು ಮಲ್ಲಿ ಎನ್ನುತ್ತಾರೆ. ತಲೆ ಮಾತ್ರ ಒಡೆದುಹೋಗಿದೆ.