ಆಹಾರಜಾಲ ನಕ್ಷೆ

ಕಲುಷಿತ ಆಹಾರದಿಂದ ಹಬ್ಬುವ ರೋಗದ ಮೂಲ ಹುಡುಕಲು, ಆಹಾರ ಸಾಗಿಬಂದ ದಾರಿಯನ್ನು ಬಿಂದು-ಗೆರೆಗಳಲ್ಲಿ ಮೂಡಿಸುವ ವಿಧಾನ. ಹೊಲ, ಮಂಡಿ, ಅಂಗಡಿ, ಅಡುಗೆಮನೆಗಳು ಬಿಂದುಗಳು. ಅವುಗಳ ನಡುವೆ ಓಡಾಡಿದ ಸರಕು ಗೆರೆ. ರೋಗಿಗಳು ಉಂಡ ಜಾಗಗಳಿಂದ ಹಿಂದಕ್ಕೆ ಹೋದಾಗ ಹೆಚ್ಚಿನ ಗೆರೆಗಳು ಕೂಡುವ ಬಿಂದುವಿನ ಮೇಲೆ ಮೊದಲ ಶಂಕೆ.

2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ತಪ್ಪು ಹೊರಿಸಿದ್ದರಿಂದ ಅಲ್ಲಿನ ರೈತರು ಅನ್ಯಾಯವಾಗಿ ನಷ್ಟ ಅನುಭವಿಸಿದರು. 41 ರೋಗಿಗುಂಪುಗಳ ಗೆರೆ ಜೋಡಿಸಿದಾಗ ಎಲ್ಲವೂ ಒಂದೇ ಮೊಳಕೆಕಾಳಿನ ಘಟಕಕ್ಕೆ, ಅಲ್ಲಿಂದ ಈಜಿಪ್ಟಿನ ಮೆಂತ್ಯಕ್ಕೆ ಮುಟ್ಟಿದವು. ಪರೀಕ್ಷಿಸಿದ ಬೀಜದಲ್ಲಿ ಆ ಬ್ಯಾಕ್ಟೀರಿಯಾ ಸಿಗಲಿಲ್ಲ. ಜಾಲದ ಸಾಕ್ಷ್ಯವೇ ನಿರ್ಣಾಯಕವಾಯಿತು.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಕಡೆ ಈ ಕೆಲಸ ಕಠಿಣ. ಭರತ ಹುಣ್ಣಿಮೆಗೆ ಅಲ್ಲಿನ ದೇವಿ ಉಚ್ಚೆಂಗೆಮ್ಮನ ಗುಡ್ಡಕ್ಕೆ ಬಂದ ಭಕ್ತರು ಉಂಡು ಹಲವು ಜಿಲ್ಲೆಗಳಿಗೆ ಚದುರುತ್ತಾರೆ. ಕಾಯಿಲೆ ಬಿದ್ದರೆ ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ. ಸಂತೆಯ ಬಿಡಿ ಸರಕಿಗೆ ರಸೀದಿಯಿಲ್ಲದಿದ್ದರೆ ಗೆರೆ ಅಲ್ಲೇ ತುಂಡಾಗುತ್ತದೆ.

ನೀರಿಗೂ ಈ ಕ್ರಮ ಸಲ್ಲುತ್ತದೆ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು. ಅಂಥಲ್ಲಿ ಕೊಳವೆಬಾವಿ, ಟ್ಯಾಂಕು, ನಲ್ಲಿಗಳು ಬಿಂದುಗಳು. ನೆಲದಡಿಯ ಪೈಪು ಗೆರೆ.