ವಾಜಪೇಯಿ ಆರೋಗ್ಯಶ್ರೀ

ವಿಮೆಯಿಲ್ಲದ ಬಡ ಕುಟುಂಬಗಳ ದುಬಾರಿ ಚಿಕಿತ್ಸೆಯ ವೆಚ್ಚ ಭರಿಸಲು ಕರ್ನಾಟಕ ಸರ್ಕಾರ 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಆರಂಭಿಸಿದ ಯೋಜನೆ. ನಿರ್ವಹಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಕಂತು ಕಟ್ಟುವಂತಿರಲಿಲ್ಲ, ಬಿಪಿಎಲ್ ಪಡಿತರ ಚೀಟಿಯೇ ಸಾಕಿತ್ತು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯ ಮುಂತಾದವುಗಳಿಗೆ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತಿತ್ತು. ಶಿಬಿರಗಳಲ್ಲಿ ಹಳ್ಳಿಗರನ್ನು ತಪಾಸಣೆ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಅಲ್ಲಿ ಕಾಗದಪತ್ರದ ಓಡಾಟಕ್ಕೆ ‘ಆರೋಗ್ಯಮಿತ್ರ’ರಿದ್ದರು. ಕಾರ್ಡು ಹಿಡಿದು ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದವರಿಗೆ ಈ ನೆರವು ವಿಮೆಯಷ್ಟೇ ಮುಖ್ಯವಾಗಿತ್ತು.

ಯೋಜನೆ ಮೊದಲು ಉತ್ತರದ ಜಿಲ್ಲೆಗಳಿಗಷ್ಟೇ ಬಂದದ್ದರಿಂದ ಯೋಜನೆಯ ವ್ಯಾಪ್ತಿಯ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಲು ಸಾಧ್ಯವಾಯಿತು. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಅರ್ಹ ಬಡ ಕುಟುಂಬಗಳಲ್ಲಿ ಶೇ 0.32, ಯೋಜನೆ ಇನ್ನೂ ತಲುಪದ ಹಳ್ಳಿಗಳ ಬಡವರಲ್ಲಿ ಶೇ 0.90. ಬಡತನ ರೇಖೆಗಿಂತ ಮೇಲಿದ್ದವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನಕ್ಕೆ ತೂಕ ಬರುವುದೇ ಇದರಿಂದ. ಯೋಜನೆಗೆ ಸೇರದ ಬಿಪಿ, ಸಕ್ಕರೆ ಕಾಯಿಲೆಯ ದಿನನಿತ್ಯದ ಮಾತ್ರೆಗಳ ಖರ್ಚು ಮಾತ್ರ ಜೇಬಿನದೇ ಆಗಿ ಉಳಿಯಿತು. 2018ರಲ್ಲಿ ಯೋಜನೆ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನವಾಯಿತು.